ಕೂದಲೆಳೆಯಲ್ಲಿ ತಪ್ಪಿದ ಸಂಗತಿಗಳು

ನಮ್ಮ ಕಡೆಯವರ ಮನೆಯಲ್ಲಿ ಹೋಮ ಅಂತಾದರೆ, ಪುರೋಹಿತರು ಬರುವ ಮೊದಲೇ ಯಾರಾದರೊಬ್ಬರು ಸ್ಟೂಲ್ ಹತ್ತಿ, ಹೊಗೆ ಕಂಡರೆ ಕೂಗುವ ಚಾವಣಿಯ ಸ್ಮೋಕ್ ಅಲಾರ್ಮಿನ ಬ್ಯಾಟರಿ ತೆಗೆದಿಡುತ್ತಾರೆ. ಡಲ್ಲಾಸ್ ಪಕ್ಕದ ನಮ್ಮ ಫ್ರಿಸ್ಕೋದಲ್ಲಿ ಇದು ಸಂಕಲ್ಪದಷ್ಟೇ ಖಾಯಂ ವಿಧಿ. ತೆಗೆದ ಬ್ಯಾಟರಿ ಎಲ್ಲಿಟ್ಟಿದ್ದೇವೆ ಎಂಬುದನ್ನು ಊಟದ ಹೊತ್ತಿಗೆ ಎಲ್ಲರೂ ಮರೆತಿರುತ್ತಾರೆ. ನಾನೊಬ್ಬ ಮರೆಯುವುದಿಲ್ಲ. ಕೋಸಂಬರಿ ಬಡಿಸುತ್ತಿರುವ ಮನೆಯೊಡೆಯನನ್ನು ತಡೆದು "ಬ್ಯಾಟರಿ ವಾಪಸ್ ಹಾಕಿದ್ರೇನ್ರಿ?" ಎಂದು ಕೇಳುತ್ತೇನೆ. ಆತ ನಗುತ್ತಾನೆ. ನಾನು ನಗುವುದಿಲ್ಲ. ಹೋಮಗಳಿಗೆ ನನ್ನನ್ನು ಕರೆಯುವವರು ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ. ಯಾಕೆಂದು ಹೆಂಡತಿ ಬಿಡಿಸಿ ಹೇಳಬೇಕಾಗಿಲ್ಲ, ಆದರೂ ಹೇಳುತ್ತಾಳೆ.

ಮೂವತ್ತು ವರ್ಷಕ್ಕೂ ಮೇಲೆ ನಾನು ಮಾಡಿದ್ದು ಇದೇ ಕೆಲಸ. ಕಾರ್ಖಾನೆ, ಗೋದಾಮು, ಕಟ್ಟಡ ಕಟ್ಟುವ ಜಾಗ, ಇಂಥಲ್ಲಿ ದುಡಿಯುವವರು ಬೆಳಿಗ್ಗೆ ಬಂದ ಹಾಗೆಯೇ ಸಂಜೆ ಮನೆಗೆ ಹೋಗಬೇಕು. ಅದಕ್ಕೆ ಬೇಕಾದ ಪಾಠಗಳನ್ನು ತಯಾರಿಸುವುದು. ನಾನು ಪಾಠ ಬರೆಯುವವನು; ಕೆಲವು ಸಲ ಹೇಳುವವನೂ ಹೌದು. ಧಾರವಾಡದಲ್ಲಿದ್ದ ನನ್ನ ಸೋದರಮಾವನಿಗೆ ಈ ನೌಕರಿ ಏನೆಂದು ಕೊನೆಯವರೆಗೂ ಅರ್ಥವಾಗಲಿಲ್ಲ. "ಅಂದ್ರ, ಬಿಸಿ ಮುಟ್ಟಬ್ಯಾಡ್ರಿ ಅಂತ ಹೇಳಲಿಕ್ಕೆ ಪಗಾರ ಕೊಡ್ತಾರೇನು?" ಎಂದು ಕೇಳಿದ್ದ. ಕೊಡುತ್ತಾರೆ ಎಂದೆ. ಅಮೆರಿಕದ ಮೇಲೆ ಅವನಿಗಿದ್ದ ಗೌರವ ಅವತ್ತೇ ಹೋಯಿತು.

ಶುರುವಾಗಿದ್ದು ಹ್ಯೂಸ್ಟನ್‌ನಲ್ಲಿ. ಬಂದರಿನ ಕಡೆಗೆ, ಟೈರ್ ಅಂಗಡಿಗೂ ಟಾಕೊ ಅಂಗಡಿಗೂ ನಡುವೆ ನಮ್ಮ ಆಫೀಸು. ಆ ಪ್ರದೇಶದ ರಾಸಾಯನಿಕ ಕಾರ್ಖಾನೆಗಳ ಆಪರೇಟರುಗಳು ಬೆಳಿಗ್ಗೆ ಏಳಕ್ಕೇ ಬಂದು ಕೂರುತ್ತಿದ್ದರು. ಸುಟ್ಟ ಕಾಫಿಯ ವಾಸನೆ, ಒದ್ದೆ ಬೂಟುಗಳ ವಾಸನೆ. ತಿರುಗಿಸಿ ಹಾಕಿದ ಕುರ್ಚಿಯ ಬೆನ್ನಿನ ಮೇಲೆ ಗದ್ದ ಊರಿ, ಈ ಕಂದು ಬಣ್ಣದ ಸಣ್ಣ ಮನುಷ್ಯ ನಮಗೇನು ಕಲಿಸುತ್ತಾನೆ ಎಂಬಂತೆ ನೋಡುವವರು. ನಾನು ಪ್ಲಾಸ್ಟಿಕ್ ಹಾಳೆಗಳ ಮೇಲೆ ಚಿತ್ರ ಬರೆದು ಪ್ರೊಜೆಕ್ಟರಿನಲ್ಲಿ ತೋರಿಸುತ್ತಿದ್ದೆ. ಅರ್ಧ ಜನ ನಿದ್ದೆ ಮಾಡುತ್ತಿದ್ದರು.

ಅವರನ್ನು ಎಬ್ಬಿಸಿದ್ದು ನಾನಲ್ಲ. ನಮ್ಮಲ್ಲೊಬ್ಬ ಹಳೆಯ ಫೋರ್‌ಮನ್ ಪಾಠ ಹೇಳಲು ಬರುತ್ತಿದ್ದ. ಅವನು ನನ್ನ ಹಾಳೆಗಳನ್ನು ಪಕ್ಕಕ್ಕೆ ಸರಿಸಿ, ಮೇಜಿನ ಅಂಚಿಗೆ ಕೂತು, ಒಂದು ದಿನ ಊಟದ ಯೋಚನೆಯಲ್ಲಿ ತಾನು ತಪ್ಪು ವಾಲ್ವ್ ತಿರುಗಿಸಿದ್ದನ್ನು ಹೇಳಿದ. ಯಾರಿಗೂ ಏನೂ ಆಗಲಿಲ್ಲ, ಯಾರೂ ನೋಡಲಿಲ್ಲ, ಹನ್ನೆರಡು ವರ್ಷ ಯಾರಿಗೂ ಹೇಳಿರಲಿಲ್ಲ. ಅಷ್ಟು ಹೇಳಿ ಸುಮ್ಮನಾದ. ಆಮೇಲೆ ಹಿಂದಿನ ಸಾಲಿನಿಂದ ಒಬ್ಬ, "ನಾನೂ ಒಂದ್ಸಲ..." ಎಂದು ಶುರುಮಾಡಿದ. ಮಧ್ಯಾಹ್ನದವರೆಗೂ ಅದು ನಿಲ್ಲಲಿಲ್ಲ. ಅವರು ಹೇಳುತ್ತಿದ್ದದ್ದೆಲ್ಲ ಕೂದಲೆಳೆಯಲ್ಲಿ ತಪ್ಪಿದ ಸಂಗತಿಗಳು. ಪೆಟ್ಟಾಗಲಿಲ್ಲ, ಆದರೆ ಆಗಬಹುದಿತ್ತು. ನಮ್ಮ ಕಸುಬಿನ ಬಂಡವಾಳವೇ ಅದು. ಆಗಿಹೋದ ಅಪಘಾತ ಹೇಳಿದರೂ ಹೇಳದಿದ್ದರೂ ಗೊತ್ತಾಗುತ್ತದೆ. ತಪ್ಪಿಹೋದದ್ದು ಯಾರಾದರೂ ಬಾಯಿ ಬಿಟ್ಟು ಹೇಳಿದರೆ ಮಾತ್ರ ಗೊತ್ತಾಗುವುದು.

ಅವತ್ತಿನಿಂದ ನನ್ನ ಪಾಠಗಳ ತಳಪಾಯ ಎರಡೇ ಮಾತು. ದೊಡ್ಡವನು ತನ್ನ ತಪ್ಪನ್ನು ಮೊದಲು ಹೇಳಬೇಕು. ಮತ್ತೆ, ಯಾರಾದರೂ ಬಂದು "ಹೀಗಾಯಿತು" ಎಂದಾಗ ಮೊದಲ ಪ್ರಶ್ನೆ "ಪೆಟ್ಟಾಯಿತಾ?" ಎಂದಿರಬೇಕು, ಎರಡನೆಯದು "ಏನಾಯಿತು?" ಎಂದು. "ಯಾರ ತಪ್ಪು?" ಎಂಬುದು ಮೂರನೆಯದೂ ಅಲ್ಲ, ಹತ್ತನೆಯದೂ ಅಲ್ಲ. ಒಂದು ಸಲ ಆ ಪ್ರಶ್ನೆ ಮೊದಲು ಬಂತೋ, ಆ ಮನುಷ್ಯ ಮತ್ತೆ ನಿಮ್ಮ ಹತ್ತಿರ ಬರುವುದಿಲ್ಲ. ಇದನ್ನು ನಾನು ಎಷ್ಟು ಸಲ ಹೇಳಿದ್ದೇನೋ.

ಇದನ್ನೇ ಒಂದು ಆಟ ಮಾಡಿ ಮನೆಗೂ ತಂದಿದ್ದೆ. ನಾವು ಡಲ್ಲಾಸ್ ಕಡೆಗೆ ಶಿಫ್ಟ್ ಆಗಿ ಫ್ರಿಸ್ಕೋದಲ್ಲಿ ಮನೆ ಮಾಡಿದಾಗ ಮಗಳಿಗೆ ಆರು ವರ್ಷ. ರಾತ್ರಿ ಊಟಕ್ಕೆ ಕೂತಾಗ ಮೂವರೂ ಅವತ್ತು ಕೂದಲೆಳೆಯಲ್ಲಿ ತಪ್ಪಿದ್ದು ಒಂದೊಂದು ಹೇಳಬೇಕು. ಹೆಂಡತಿ ಮೈಸೂರಿನವಳು, ಹಾಲು ಉಕ್ಕುವುದರಲ್ಲಿತ್ತು ಎಂದು ದಿನಾ ಅದನ್ನೇ ಹೇಳಿ ಮುಗಿಸಿಬಿಡುತ್ತಿದ್ದಳು. ಮಗಳದು ಮಾತ್ರ ಮಹಾಪುರಾಣ. ಕತ್ತರಿ ಹಿಡಿದು ಓಡಿದ್ದು, ಚ್ಯೂಯಿಂಗ್ ಗಮ್ ನುಂಗಿದ್ದು, ಆಟದ ಮೈದಾನದ ಕಂಬಿಯಿಂದ ಜಾರಿ ಒಂದೇ ಕೈಯಲ್ಲಿ ನೇತಾಡಿದ್ದು. ಅರ್ಧ ಇಂಗ್ಲಿಷ್, ಅರ್ಧ ಕನ್ನಡ, ಕೈಯಲ್ಲಿ ಅನ್ನ ಒಣಗಿಹೋಗುವವರೆಗೆ. ನಾನು ಗಂಭೀರವಾಗಿ "ಪೆಟ್ಟಾತೇನು?" ಎಂದು ಕೇಳುತ್ತಿದ್ದೆ. ಅವಳು ಅಷ್ಟೇ ಗಂಭೀರವಾಗಿ "ನೋ ಅಪ್ಪಾ" ಎನ್ನುತ್ತಿದ್ದಳು. ಬದುಕಿನಲ್ಲಿ ಯಾವ ಹೊತ್ತನ್ನಾದರೂ ವಾಪಸ್ ಕೊಡುತ್ತೇವೆ ಎಂದು ಯಾರಾದರೂ ಹೇಳಿದರೆ ನಾನು ಆ ಊಟದ ಹೊತ್ತನ್ನೇ ಕೇಳುತ್ತೇನೆ. ಬೇರೆ ಯೋಚನೆ ಮಾಡುವುದೇ ಇಲ್ಲ.

ಅವಳಿಗೆ ಹದಿನೇಳಾಗಿದ್ದಾಗ ಒಂದು ದಿನ ನಾನು ಕೆಲಸದ ಮೇಲೆ ಹ್ಯೂಸ್ಟನ್‌ಗೆ ಹೋಗಿದ್ದೆ. ಸೂಪರ್‌ವೈಸರುಗಳಿಗೆ ತರಬೇತಿ. ವಿಷಯ, ಅವಘಡವಾದಾಗ ವಿಚಾರಿಸುವುದು ಹೇಗೆ. ಮುಂದಿನದನ್ನು ಹೇಳಿದರೆ ಕಟ್ಟುಕಥೆ ಅನ್ನುತ್ತೀರಿ. ನಾನೇ ಬೇರೆಯವರ ಬಾಯಲ್ಲಿ ಕೇಳಿದ್ದರೆ ನಂಬುತ್ತಿರಲಿಲ್ಲ. ಊಟದ ಬಿಡುವಿನಲ್ಲಿ ಕಾರಿಡಾರಿನಲ್ಲಿ ನಿಂತಿದ್ದಾಗ ಅವಳ ಫೋನ್ ಬಂತು. ಮನೆ ಹತ್ತಿರದ ಹೈವೇಗೆ ಸೇರಿಕೊಳ್ಳುವಾಗ ಪಿಕಪ್ ಟ್ರಕ್ ಒಂದು ಪಕ್ಕಕ್ಕೆ ಬಡಿದು, ಕಾರು ಒಂದು ಸುತ್ತು ತಿರುಗಿ ತಡೆಗೋಡೆಗೆ ತಾಗಿ ನಿಂತಿತ್ತು. ಅವಳು ಫೋನ್ ಮಾಡಿದ್ದು ಅಮ್ಮನಿಗಲ್ಲ, ನನಗೆ. ಅಪಘಾತ ಅಂದರೆ ಅಪ್ಪನ ಇಲಾಖೆ ಅಂದುಕೊಂಡಿದ್ದಳೇನೋ.

"ಅಪ್ಪಾ, ದೇರ್ ವಾಸ್ ಆ್ಯನ್ ಆ್ಯಕ್ಸಿಡೆಂಟ್," ಎಂದಳು.

"ಏನ್ ಮಾಡಿದಿ ನೀ?" ಎಂದೆ ನಾನು. "ಎಲ್ಲಿ ನೋಡ್ಕೋತ ಹೊಂಟಿದ್ದಿ?"

ಅಷ್ಟೇ. ಆ ಕಡೆ ಹೆದ್ದಾರಿಯ ಸದ್ದು ಮಾತ್ರ ಕೇಳುತ್ತಿತ್ತು. ಸ್ವಲ್ಪ ಹೊತ್ತಿನ ಮೇಲೆ ಅವಳು, "ಐ ವಿಲ್ ಕಾಲ್ ಅಮ್ಮ," ಎಂದು ಫೋನಿಟ್ಟಳು. ಅವಳ ಮೈಮೇಲೆ ಒಂದು ಗೀರೂ ಇರಲಿಲ್ಲ ಎಂಬುದು ನನಗೆ ಹೆಂಡತಿಯಿಂದ ಗೊತ್ತಾಯಿತು. ನಾನು ಒಳಗೆ ಹೋಗಿ ಮಧ್ಯಾಹ್ನದ ಪಾಠ ಮುಗಿಸಿದೆ. ಚೆನ್ನಾಗಿಯೇ ಮಾಡಿದೆ, ಎಲ್ಲರೂ ಹೊಗಳಿದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಎಂದು ಶಾಲೆಯಲ್ಲಿ ಕಾಪಿ ಬರೆಸಿದ್ದರು. ಬರೆದಿದ್ದೆ, ಕಲಿತಿರಲಿಲ್ಲ.

ಜಗಳವಾಗಲಿಲ್ಲ. ಅದಾದರೂ ಆಗಿದ್ದರೆ ಚೆನ್ನಾಗಿತ್ತು. ಅವಳು ಎಂದಿನಂತೆಯೇ ಇದ್ದಳು, ಓದಿದಳು, ಆಸ್ಟಿನ್‌ಗೆ ಹೋದಳು. ಈಗ ಅದರ ಪಕ್ಕದ ಫ್ಲೂಗರ್‌ವಿಲ್‌ನಲ್ಲಿದ್ದಾಳೆ. ಮಾತು ತಡವಾಗಿ ಬರುವ ಮಕ್ಕಳಿಗೆ ಮಾತು ಕಲಿಸುವ ಕೆಲಸ. ವಾರಕ್ಕೆರಡು ಸಲ ಫೋನ್ ಮಾಡುತ್ತಾಳೆ, ಅಮ್ಮನಿಗೆ. "ಅಪ್ಪಂಗೆ ಕೊಡ್ಲೇನೇ?" ಎಂದು ಇವಳು ನನಗೆ ದಾಟಿಸುತ್ತಾಳೆ.

"ಹೆಂಗಿದ್ದಿ?"

"ಆಲ್ ಗುಡ್, ಅಪ್ಪಾ."

"ಕೆಲಸ?"

"ಆಲ್ ಗುಡ್."

ಹನ್ನೊಂದು ವರ್ಷ ನಾನು ಕೇಳಿದ್ದು ಈ ಎರಡು ಶಬ್ದ. ಜ್ವರ ಬಂದದ್ದು, ಮನೆ ಬದಲಾಯಿಸಿದ್ದು, ಯಾರೋ ಒಬ್ಬನನ್ನು ಮದುವೆಯಾಗಬೇಕೆಂದಿದ್ದು, ಬೇಡವೆಂದಿದ್ದು, ಎಲ್ಲವೂ ಮುಗಿದ ಮೇಲೆ ಹೆಂಡತಿಯ ಮೂಲಕ ನನಗೆ ತಲುಪುತ್ತಿತ್ತು.

ಒಮ್ಮೆ ಡಲ್ಲಾಸಿನ ಒಂದು ಗೋದಾಮಿನ ಮ್ಯಾನೇಜರ್ ನನ್ನನ್ನು ಕೈಹಿಡಿದು ಕರೆದುಕೊಂಡು ಹೋಗಿ, ಕೆಲಸಗಾರರು ಕೂದಲೆಳೆಯಲ್ಲಿ ತಪ್ಪಿದ ಸಂಗತಿಗಳನ್ನು ಬರೆದು ಹಾಕಲೆಂದು ಇಟ್ಟಿದ್ದ ಪೆಟ್ಟಿಗೆಯನ್ನು ತೆರೆದು ತೋರಿಸಿದ. ಖಾಲಿ. ಆರು ತಿಂಗಳಿಂದ ಒಂದು ಚೀಟಿಯೂ ಬಂದಿಲ್ಲ ಎಂದು ಅವನಿಗೆ ಹೆಮ್ಮೆ. "ಇದಕ್ಕೆ ಎರಡೇ ಅರ್ಥ," ಎಂದೆ. "ಇಲ್ಲಿ ಯಾರೂ ಕೆಲಸ ಮಾಡುತ್ತಿಲ್ಲ, ಇಲ್ಲವೇ ಯಾರಿಗೂ ನಿಮ್ಮ ಹತ್ತಿರ ಹೇಳಲು ಇಷ್ಟವಿಲ್ಲ." ಅವನ ಮುಖ ಸಣ್ಣದಾಯಿತು. ವಾಪಸ್ ಡ್ರೈವ್ ಮಾಡುವಾಗ ನನ್ನದೂ ಆಯಿತು.

ಈ ನಡುವೆ ಕಸುಬೂ ಬದಲಾಯಿತು. ಕೋಣೆಗಳು ಹೋದವು, ಕುರ್ಚಿ ತಿರುಗಿಸಿ ಕೂರುವವರು ಹೋದರು. ಪಾಠ ಈಗ ಪರದೆಯ ಮೇಲೆ. ಕೆಲಸಗಾರ ಒಂದು ಕೈಯಲ್ಲಿ ತಿಂಡಿ ತಿನ್ನುತ್ತ ಇನ್ನೊಂದು ಕೈಯಲ್ಲಿ ನೆಕ್ಸ್ಟ್ ಒತ್ತುತ್ತಾನೆ. ನಾನು ತಿಂಗಳುಗಟ್ಟಲೆ ಕೂತು ಬರೆಯುತ್ತಿದ್ದುದನ್ನು ಯಂತ್ರ ಚಹಾ ಕುದಿಯುವುದರೊಳಗೆ ಬರೆದುಕೊಡುತ್ತದೆ. ಕೆಟ್ಟದ್ದೇನಲ್ಲ, ನನಗಿಂತ ಅದರ ಕಾಗುಣಿತ ಸರಿ. ಆದರೆ ಅದು ಯಾವತ್ತೂ ತಪ್ಪು ವಾಲ್ವ್ ತಿರುಗಿಸಿಲ್ಲ. ನಿವೃತ್ತಿಗೆ ಮುಂಚೆ ಕೊನೆಯ ಪಾಠ ಎಂದು ನನಗೊಂದು ಕೊಟ್ಟರು. ಹೊಸ ಸೂಪರ್‌ವೈಸರುಗಳಿಗೆ, ಕೇಳಿಸಿಕೊಳ್ಳುವುದು ಹೇಗೆ ಎಂಬುದರ ಮೇಲೆ. ನಿಮ್ಮದೇ ಒಂದು ತಪ್ಪಿನಿಂದ ಶುರುಮಾಡಿ ಎಂದು ಎಂದಿನಂತೆ ಬರೆದೆ. ಉದಾಹರಣೆಗೆ ಎಂದು ಬರೆದೆ. ಮುಂದಕ್ಕೆ ಹೋಗಲಿಲ್ಲ.

ಆ ವಾರವೇ ಏಣಿಯ ಪ್ರಸಂಗ ನಡೆದದ್ದು. ಶನಿವಾರ ಬೆಳಿಗ್ಗೆ ಹೆಂಡತಿ ದೇವಸ್ಥಾನಕ್ಕೆ ಹೋಗಿದ್ದಳು. ಸೂರಿನ ಅಂಚಿನ ಮಳೆನೀರಿನ ದೋಣಿಯಲ್ಲಿ ಓಕ್ ಎಲೆ ತುಂಬಿತ್ತು. ಏಣಿ ಹಿಡಿಯಲು ಒಬ್ಬರು ಇರಲೇಬೇಕು, ಮೇಲಿನ ಎರಡು ಮೆಟ್ಟಿಲ ಮೇಲೆ ನಿಲ್ಲಲೇಬಾರದು. ಇದನ್ನು ನಾನು ನಾಲ್ಕು ಪಾಠಗಳಲ್ಲಿ ಚಿತ್ರ ಸಮೇತ ಹೇಳಿದ್ದೇನೆ. ಒಬ್ಬನೇ ಹತ್ತಿದೆ, ತುದಿಯ ಮೆಟ್ಟಿಲಿಗೇ ಹತ್ತಿದೆ. ಏಣಿ ಜಾರಿತು. ದೋಣಿಯ ಅಂಚು ಹಿಡಿದು ಒಂದು ಕ್ಷಣ ನೇತಾಡಿ, ಕೆಳಗಿದ್ದ ಪೊದೆಗೆ ಕೂತ ಭಂಗಿಯಲ್ಲಿ ಬಿದ್ದೆ. ಏನೂ ಆಗಲಿಲ್ಲ. ಎದ್ದು ಮೊದಲು ಮಾಡಿದ ಕೆಲಸವೆಂದರೆ ಬೀದಿಯ ಎರಡೂ ಕಡೆ ನೋಡಿದ್ದು, ಯಾರಾದರೂ ನೋಡಿದರೇ ಅಂತ. ಏಣಿಯನ್ನು ಗರಾಜಿನಲ್ಲಿಟ್ಟೆ, ಪ್ಯಾಂಟ್ ತೊಳೆಯಲು ಹಾಕಿದೆ, ಹೆಂಡತಿ ಬಂದಾಗ ಪೇಪರ್ ಓದುತ್ತಿದ್ದೆ.

ನನ್ನ ಗಮನಕ್ಕೆ ಬಂದದ್ದು ಬಿದ್ದದ್ದಲ್ಲ, ಎಷ್ಟು ಸಲೀಸಾಗಿ ಮುಚ್ಚಿಟ್ಟೆ ಎಂಬುದು. ಯಾರು ಬೈಯುತ್ತಾರೆಂದು ಮುಚ್ಚಿಟ್ಟೆ? ಹೆಂಡತಿ ಊರಿಗೆಲ್ಲ ಶಕುನ ಹೇಳುವ ಹಲ್ಲಿ ಬಚ್ಚಲಲ್ಲಿ ಬಿತ್ತಂತೆ ಎಂದು ನಗುತ್ತಾಳೆ, ಅಷ್ಟೇ ತಾನೆ. ಅರವತ್ಮೂರು ವರ್ಷದ ನನಗೇ ಅಷ್ಟು ಸಣ್ಣ ನಗುವನ್ನು ತಡೆದುಕೊಳ್ಳಲು ಆಗಲಿಲ್ಲ. ಹದಿನೇಳು ವರ್ಷದ ಹುಡುಗಿಯನ್ನು ನಾನು ಕೇಳಿದ್ದೇನು ಎಂದು ಯೋಚಿಸಿ ಆ ರಾತ್ರಿ ಊಟ ಸೇರಲಿಲ್ಲ.

ಭಾನುವಾರ ಬೆಳಿಗ್ಗೆ, ಹೆಂಡತಿಯ ಫೋನಿನಿಂದಲ್ಲದೆ ನನ್ನದರಿಂದ, ಮಗಳಿಗೆ ಫೋನ್ ಮಾಡಿದೆ.

"ಅಮ್ಮ ಓಕೇನಾ?" ಎಂದಳು ಗಾಬರಿಯಿಂದ. ನಾನಾಗಿ ಫೋನ್ ಮಾಡಿದರೆ ಅವಳಿಗೆ ಹಾಗನ್ನಿಸುವ ಮಟ್ಟಕ್ಕೆ ಬಂದಿತ್ತು.

"ಅಮ್ಮ ಅರಾಮ ಇದ್ದಾಳ. ನಿನಗೊಂದು ಹೇಳೋದಿತ್ತು. ನಿನ್ನೆ ಏಣಿ ಮ್ಯಾಲಿಂದ ಬಿದ್ದೆ," ಎಂದೆ. ಒಬ್ಬನೇ ಹತ್ತಿದ್ದು, ತುದಿ ಮೆಟ್ಟಿಲು, ಪೊದೆ, ಬೀದಿ ನೋಡಿದ್ದು, ಪ್ಯಾಂಟು, ಪೇಪರು, ಎಲ್ಲ ಹೇಳಿದೆ. "ಯಾರಿಗೂ ಹೇಳಿಲ್ಲ. ನಾಚಿಕಿ ಆತು."

ಅವಳು ನಗಲಿಲ್ಲ. "ಯಾಕೆ ನನಗೆ ಹೇಳ್ತಿದೀಯಾ?" ಎಂದಳು, ಕನ್ನಡದಲ್ಲಿ.

"ಅವತ್ತು ನೀ ಹೈವೇದಿಂದ ಫೋನ್ ಮಾಡಿದಾಗ ನಾ ಕೇಳಿದ್ದು ತಪ್ಪು. ಅದನ್ನ ಹೇಳಬೇಕಾಗಿತ್ತು. ಭಾಳ ತಡ ಆತು."

ಆಮೇಲೆ ಅವಳು ಹೇಳಿದಳು. "ಅಪ್ಪಾ, ಐ ಡೋಂಟ್ ಡ್ರೈವ್ ಆನ್ ಹೈವೇಸ್. ಸಿನ್ಸ್ ದೆನ್. ನಾಟ್ ಒನ್ಸ್."

ಆಸ್ಟಿನ್ನಿಂದ ನಮ್ಮಲ್ಲಿಗೆ ದೊಡ್ಡ ರಸ್ತೆಯಲ್ಲಿ ಮೂರೂವರೆ ತಾಸು. ಅವಳು ಹೈವೇಗೆ ಸೇರಿಕೊಳ್ಳುವ ಆ ಇಳಿಜಾರನ್ನು ಕಂಡರೆ ಕೈ ಮರಗಟ್ಟುತ್ತದೆಂದು ಟೇಲರ್, ಬಾರ್ಟ್‌ಲೆಟ್, ಮಾರ್ಲಿನ್, ಕಾರ್ಸಿಕಾನ, ಟೆರೆಲ್ ಎಂದು ಸಣ್ಣ ಊರುಗಳ ರಸ್ತೆ ಹಿಡಿದು, ಮೆಕಿನ್ನಿ ಕಡೆಯಿಂದ ಸುತ್ತಿಕೊಂಡು ಆರು ತಾಸಿಗೆ ಬಂದು ಮುಟ್ಟುತ್ತಿದ್ದಳು. ಪ್ರತಿ ದೀಪಾವಳಿ, ಪ್ರತಿ ಥ್ಯಾಂಕ್ಸ್‌ಗಿವಿಂಗ್. ನಾನು ಬಾಗಿಲಲ್ಲಿ ನಿಂತು ಗಡಿಯಾರ ನೋಡಿ, "ಊಟ ಆರಿಹೋತು, ಲಗೂ ಹೊಂಡಲಿಕ್ಕೆ ಏನಾಗಿತ್ತು?" ಎನ್ನುತ್ತಿದ್ದೆ. ಅವಳು "ಟ್ರಾಫಿಕ್" ಎನ್ನುತ್ತಿದ್ದಳು. ಆ ಹೈವೇಯಲ್ಲಿ ನಾನು ಈ ರಾಜ್ಯಕ್ಕೆ ಬಂದಾಗಿನಿಂದ ರಿಪೇರಿ ನಡೆಯುತ್ತಲೇ ಇದೆ, ಹಾಗಾಗಿ ಆ ಸುಳ್ಳನ್ನು ಯಾರಾದರೂ ನಂಬುತ್ತಾರೆ.

ಕೇಳಲು ನನ್ನ ಬಾಯಲ್ಲಿ ಹತ್ತು ಪ್ರಶ್ನೆ ಇದ್ದವು. ನಾಲಿಗೆ ಕಚ್ಚಿಕೊಂಡು ಕೂತೆ. ಅವಳು ಹೇಳುತ್ತ ಹೋದಳು. ಒಮ್ಮೆ ಆಲಿಕಲ್ಲು ಬಿದ್ದು ಚರ್ಚೊಂದರ ಪೋರ್ಟಿಕೋದಲ್ಲಿ ಕಾರು ನಿಲ್ಲಿಸಿದ್ದು, ಒಮ್ಮೆ ಜಿಂಕೆ ಅಡ್ಡ ಬಂದದ್ದು, ಟೈರ್ ಪಂಕ್ಚರ್ ಆಗಿದ್ದು. ದಾರಿಯಲ್ಲೊಂದು ಬೇಕರಿ ಇದೆಯಂತೆ, ಊರಿನ ಹೆಸರನ್ನೂ ಹೇಳಿದಳು. ಮೊದಲ ಸಲ ಹೋದಾಗ ಕಾಫಿ ಚೆಲ್ಲಿದಳಂತೆ. ಅಲ್ಲಿಯ ಹೆಂಗಸು ಇನ್ನೊಂದು ಕಪ್ ತಂದಿಟ್ಟು ಎದುರಿಗೆ ಕೂತಳಂತೆ. ಆಮೇಲೆ ಪ್ರತಿ ಸಲವೂ ಅಲ್ಲೊಂದು ತಾಸು.

"ಷಿ ನೋಸ್ ಎವ್ರಿಥಿಂಗ್," ಎಂದಳು ಮಗಳು.

"ನಾನು ಬಂದು ನಿನ್ನ ಬಾಜೂಕ ಕೂಡ್ಲೇನು? ಸಾವಕಾಶ ಹೈವೇ ರೂಢಿ ಮಾಡ್ಕೊಬಹುದು."

"ಬೇಡ ಅಪ್ಪಾ," ಎಂದಳು, ಮೆತ್ತಗೆ. "ಐ ಲೈಕ್ ದಟ್ ರೋಡ್ ನೌ."

ಫೋನಿಟ್ಟ ಮೇಲೆ ಹೆಂಡತಿಯನ್ನು ಕೇಳಿದೆ. "ಗೊತ್ತಿತ್ತು ರೀ," ಎಂದಳು. "ನಿಮ್ಗೆ ಹೇಳ್ಬೇಡ ಅಂದಿದ್ಲು." ಏಣಿಯ ವಿಷಯವನ್ನೂ ಹೇಳಿದೆ. ಹಲ್ಲಿಯ ಗಾದೆ ಬಂತು. ಅದು ನಾನು ಹೆದರಿದಷ್ಟೇನೂ ನೋಯಿಸಲಿಲ್ಲ.

ಆದರೆ ಆ ಬೇಕರಿಯ ಹೆಂಗಸು ತಲೆಯಿಂದ ಹೋಗಲಿಲ್ಲ. ಹನ್ನೊಂದು ವರ್ಷ ನನಗೆ ಬರಬೇಕಾಗಿದ್ದ ಮಾತುಗಳೆಲ್ಲ ಅವಳ ಮೇಜಿಗೆ ಹೋಗಿದ್ದವು. ನನಗೆ ಹೊಟ್ಟೆಕಿಚ್ಚಾಯಿತು, ಅದನ್ನು ಬೇರೆ ಹೆಸರಿನಿಂದ ಕರೆಯುವುದಿಲ್ಲ. "ಸುಮ್ನಿರ್ಬಾರ್ದಾ, ಅದು ಅವಳ ಜಾಗ," ಎಂದು ಹೆಂಡತಿ ತಡೆದಳು. ಕೇಳುವ ಜಾತಿಯವನೇ ನಾನು? ಮುಂದಿನ ಬುಧವಾರ ರಜೆ ಹಾಕಿ, ಮೆಕಿನ್ನಿ ದಾಟಿ, ಮಗಳು ಹೇಳಿದ ರಸ್ತೆಯಲ್ಲಿ ಹೊರಟೆ. ಎರಡೂ ಕಡೆ ಹತ್ತಿಯ ಹೊಲ, ಮುಚ್ಚಿದ ಅಂಗಡಿಗಳು, ಒಂದೊಂದೇ ಟ್ರಾಫಿಕ್ ಲೈಟಿನ ಊರುಗಳು. ಒಂದೊಂದು ತಿರುವಿನಲ್ಲೂ, ಇಪ್ಪತ್ತರ ಹುಡುಗಿ ಒಬ್ಬಳೇ ಇಲ್ಲಿ ಹೋಗುತ್ತಿದ್ದಳಲ್ಲ ಎನ್ನಿಸುತ್ತಿತ್ತು.

ಬೇಕರಿ ಇರುವ ಊರಿನ ಹೆಸರು ಬರೆಯುವುದಿಲ್ಲ. ಒಳಗೆ ನಾಲ್ಕೇ ಮೇಜು. ಹಣ್ಣಿನ ಹೂರಣ ತುಂಬಿದ ಬನ್ನಿನ ವಾಸನೆ. ಕೌಂಟರಿನ ಹಿಂದೆ ನನ್ನ ವಯಸ್ಸಿನವಳೇ ಒಬ್ಬ ಹೆಂಗಸು, ತೋಳಿನವರೆಗೂ ಹಿಟ್ಟು. ನಾನು ಯಾರೆಂದು ಹೇಳಬಾರದು, ಸುಮ್ಮನೆ ನೋಡಿಕೊಂಡು ಹೋಗಬೇಕು ಎಂದುಕೊಂಡಿದ್ದೆ. ಕಾಫಿ ತಂದಿಟ್ಟವಳು ನನ್ನ ಮುಖ ನೋಡಿ, "ದೂರದಿಂದ ಬಂದಿರಾ? ಹುಷಾರಾಗಿದ್ದೀರಿ ತಾನೆ?" ಎಂದಳು. ಎಲ್ಲರನ್ನೂ ಹೀಗೆಯೇ ಕೇಳುತ್ತಾಳೆ ಎಂದು ಆಮೇಲೆ ಗೊತ್ತಾಯಿತು, ನನ್ನ ನಂತರ ಬಂದ ಟ್ರಕ್ ಡ್ರೈವರನನ್ನೂ ಕೇಳಿದಳು.

ಹುಷಾರಾಗಿದ್ದೇನೆ ಎನ್ನಬೇಕಿತ್ತು. ಬಾಯಿಂದ ಬಂದದ್ದು ಬೇರೆ. ಹ್ಯೂಸ್ಟನ್‌ನ ಕಾರಿಡಾರ್, ನಾನು ಕೇಳಿದ ಮಾತು, ಅದಾದ ಮೇಲೆ ಒಳಗೆ ಹೋಗಿ ಪಾಠ ಹೇಳಿದ್ದು. ಆ ಪಾಠ ಹೇಳಿದ್ದನ್ನು ನಾನು ಹೆಂಡತಿಗೂ ಹೇಳಿರಲಿಲ್ಲ, ಮಗಳಿಗೂ ಹೇಳಿರಲಿಲ್ಲ. ಪೆಟ್ಟಾಗಿದೆಯೋ ಇಲ್ಲವೋ ತಿಳಿಯುವ ಮೊದಲೇ ಒಳಗೆ ಹೋಗಿದ್ದೆ. ಹೆಂಡತಿಯ ಫೋನ್ ಬಂದದ್ದು ಆಮೇಲೆ. ಬೇಕರಿಯವಳು ಒರೆಸುವ ಬಟ್ಟೆಯನ್ನು ಮೇಜಿನ ಮೇಲಿಟ್ಟು ಎದುರಿನ ಕುರ್ಚಿಯಲ್ಲಿ ಕೂತಳು. ನಡುವೆ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ನಾನು ಮುಗಿಸಿದ ಮೇಲೆ ಕಿಟಕಿಯಾಚೆಯ ರಸ್ತೆಯನ್ನು ಸ್ವಲ್ಪ ಹೊತ್ತು ನೋಡಿದಳು.

"ಹಾಗಾದರೆ ಅವಳ ಅಪ್ಪ ನೀವೇ," ಎಂದಳು.

ಹೌದು ಎಂದೆ.

"ಅವಳು ಯಾವಾಗಲೂ ಕೂರುವುದು ಈ ಕುರ್ಚಿಯಲ್ಲೇ," ಎಂದು ತಾನು ಕೂತಿದ್ದ ಕುರ್ಚಿಯಿಂದ ಎದ್ದು, ನನಗೆ ಇನ್ನೊಂದು ಕಾಫಿ ತರಲು ಒಳಗೆ ಹೋದಳು.